ಎಂಜಿನ್ ಎತ್ತಿಸುವ ಮುನ್ನ ಸರಪಳಿಯ ತುದಿಯಲ್ಲಿರುವ ಬೋಲ್ಟನ್ನು ನೋಡಿ

ಗಂಗಾವತಿ, ಸಿಂಧನೂರು, ರಾಯಚೂರು ಕಡೆಯ ಗ್ಯಾರೇಜುಗಳಲ್ಲಿ ಎಂಜಿನ್ ಇಳಿಸಲು ಕಾರು ಬಿಡುವವರೂ ಅಲ್ಲಿ ಕೆಲಸ ಮಾಡುವ ಹುಡುಗರೂ ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಎಂಜಿನ್ ಎತ್ತುವ ಚೈನ್ ಪುಲ್ಲಿ ಒಂದು ಟನ್ನಿನದೋ ಎರಡು ಟನ್ನಿನದೋ ಎಂದು ಎಲ್ಲರೂ ಕೇಳುತ್ತಾರೆ. ಅದರ ಸರಪಳಿ ಎಂಜಿನ್ನನ್ನು ಎಲ್ಲಿ, ಯಾವ ಬೋಲ್ಟಿನಿಂದ ಹಿಡಿದಿದೆ ಎಂದು ನೋಡುವವರು ಕಡಿಮೆ. ಕಳೆದ ಬೇಸಿಗೆಯಲ್ಲಿ ಗಂಗಾವತಿಯ ಒಂದು ಗ್ಯಾರೇಜಿನಲ್ಲಿ ನನ್ನ ಹಳೆಯ ಡೀಸೆಲ್ ಕಾರಿನ ಎಂಜಿನ್ ಬಿದ್ದು ಕೆಲಸದ ಹುಡುಗನ ಎರಡು ಬೆರಳು ಜಜ್ಜಿಹೋದವು. ಪುಲ್ಲಿಗೆ ಏನೂ ಆಗಿರಲಿಲ್ಲ. ಮುರಿದದ್ದು ಬೋಲ್ಟು.

ಎಂಜಿನ್ ತಯಾರಿಸುವವರು ಸಾಮಾನ್ಯವಾಗಿ ಹೆಡ್ಡಿನ (ಎಂಜಿನ್ನಿನ ಮೇಲ್ಭಾಗದ) ಮುಂದೊಂದು, ಹಿಂದೊಂದು ದಪ್ಪ ತಗಡಿನ ಕೊಕ್ಕೆ ಕೂರಿಸಿರುತ್ತಾರೆ. ಎತ್ತಬೇಕಾದದ್ದು ಅವುಗಳಿಂದಲೇ. ಹಿಂದೆ ಎಂದೋ ಹೆಡ್ ಬಿಚ್ಚಿದವರು ನನ್ನ ಕಾರಿನ ಹಿಂದಿನ ಕೊಕ್ಕೆಯನ್ನು ಮರಳಿ ಹಾಕಿರಲಿಲ್ಲ. ಮೇಸ್ತ್ರಿ ಡಬ್ಬಿ ಕೆದಕಿ ಉದ್ದನೆಯ ಒಂದು ಬೋಲ್ಟು ತೆಗೆದು, ಸರಪಳಿಯ ಕೊಂಡಿಯಲ್ಲಿ ತೂರಿಸಿ, ಹೆಡ್ಡಿನ ಹಿಂಬದಿಯ ತೂತಿಗೆ ತಿರುಗಿಸಿದರು. ಬೋಲ್ಟು ಪೂರ್ತಿ ಒಳಗೆ ಹೋಗಲಿಲ್ಲ. ಕೊಂಡಿಗೂ ಹೆಡ್ಡಿಗೂ ನಡುವೆ ಎರಡು ಬೆರಳಿನಷ್ಟು ಸಂದು ಉಳಿಯಿತು. ನಾನು ರೈಸ್ ಮಿಲ್ಲಿನಲ್ಲಿ ಫಿಟ್ಟರ್ ಆಗಿರುವುದರಿಂದ ಮೋಟಾರು, ಗೇರ್ ಬಾಕ್ಸು ಎತ್ತಿ ಇಳಿಸುವುದು ನನ್ನ ನಿತ್ಯದ ಕೆಲಸ. ಆ ಸಂದನ್ನು ತೋರಿಸಿ, ಇದು ತಡೆಯುವುದಿಲ್ಲ ಎಂದು ಹೇಳಿದೆ. "ಏನೂ ಆಗಂಗಿಲ್ರಿ ಅಣ್ಣಾರ, ದಿನಾ ಹಿಂಗ ಎತ್ತತೀವಿ" ಎಂದರು.

ಆ ಸಂದು ಏಕೆ ಅಪಾಯವೆಂದು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ತಲೆಯ ಮೇಲೆ 8.8 ಎಂಬ ಬಲದ ಗುರುತಿರುವ 10 ಎಂಎಂ ಬೋಲ್ಟು ನೇರ ಎಳೆತಕ್ಕೆ ಮೂರು ಟನ್ನಿಗಿಂತ ಹೆಚ್ಚು ಭಾರ ತಡೆಯುತ್ತದೆ. ಅದೇ ಬೋಲ್ಟು ಅಡ್ಡವಾಗಿ ಚಾಚಿಕೊಂಡಿದ್ದು, ತೂತಿನ ಬಾಯಿಯಿಂದ 30 ಎಂಎಂ ದೂರದಲ್ಲಿ ಸರಪಳಿ ಅದನ್ನು ಮೇಲಕ್ಕೆ ಎಳೆದರೆ, 200 ಕಿಲೋ ಭಾರಕ್ಕೇ ಬಗ್ಗಿಬಿಡುತ್ತದೆ. ಗುರುತಿಲ್ಲದ, ಮೆದು ಉಕ್ಕಿನ ಬೋಲ್ಟಾದರೆ ಅದರ ಅರ್ಧ ಭಾರವೂ ಬೇಕಾಗುವುದಿಲ್ಲ. ಆದ್ದರಿಂದ ಕೊಂಡಿ ಹೆಡ್ಡಿಗೆ ಒತ್ತಿ ಕೂತಿರಬೇಕು, ಬೋಲ್ಟಿನ ತಲೆಯ ಕೆಳಗೆ ದಪ್ಪ ವಾಷರ್ ಇರಬೇಕು, ಅಲ್ಯೂಮಿನಿಯಂ ಹೆಡ್ಡಿನಲ್ಲಿ ಬೋಲ್ಟಿನ ದಪ್ಪದ ಒಂದೂವರೆ ಪಟ್ಟಾದರೂ ಥ್ರೆಡ್ ಒಳಗೆ ಹಿಡಿದಿರಬೇಕು.

ಅಂದು ಇನ್ನೊಂದು ತಪ್ಪೂ ಸೇರಿಕೊಂಡಿತು. ಗೇರ್ ಬಾಕ್ಸ್ ಬದಿಯಲ್ಲಿ ಎಂಜಿನ್ನನ್ನು ಗಾಡಿಯ ಚೌಕಟ್ಟಿಗೆ ಜೋಡಿಸುವ ತಂತಿಯ ಅರ್ತ್ ಪಟ್ಟಿಯನ್ನು ಬಿಚ್ಚಿರಲಿಲ್ಲ. ಎಂಜಿನ್ ಮೇಲೇರುತ್ತಿದ್ದಂತೆ ಪಟ್ಟಿ ಬಿಗಿದು ನಿಂತಿತು. ಕೆಳಗೆ ಬಗ್ಗಿ ನೋಡುವ ಬದಲು ಪುಲ್ಲಿಯನ್ನು ಇನ್ನಷ್ಟು ಎಳೆದರು. ಪಟ್ಟಿ ಕಿತ್ತು ಬಂದ ರಭಸಕ್ಕೆ ಎಂಜಿನ್ ಜಿಗಿದು ಕುಲುಕಿತು, ಬೋಲ್ಟು ಮುರಿಯಿತು, ಹಿಂಭಾಗ ಕುಸಿಯಿತು. ತೂಗಾಡದಂತೆ ಹಿಡಿಯಲು ಹುಡುಗ ಎಂಜಿನ್ನಿನ ತಳದ ಎಣ್ಣೆ ತೊಟ್ಟಿಯ (ಸಂಪಿನ) ಕೆಳಗೆ ಕೈ ಕೊಟ್ಟಿದ್ದ. ಅವನನ್ನು ಆಸ್ಪತ್ರೆಗೆ ಸೇರಿಸಿ ಬಂದ ಮೇಲೆ ಮುರಿದ ತುಂಡನ್ನು ಒರೆಸಿ ನೋಡಿದೆ: ತಲೆಯ ಮೇಲೆ ಯಾವ ಅಂಕಿಯೂ ಇರಲಿಲ್ಲ, ಮುರಿದ ಮುಖದ ಅರ್ಧ ಭಾಗ ಕಪ್ಪಾಗಿತ್ತು, ಉಳಿದರ್ಧ ಬೆಳ್ಳಗೆ ಹೊಳೆಯುತ್ತಿತ್ತು. ಕಪ್ಪಾದ ಭಾಗ ಹಳೆಯ ಬಿರುಕು. ಎಂಜಿನ್ ಎತ್ತುವ ಮೊದಲೇ ಆ ಬೋಲ್ಟು ಅರ್ಧ ಸೀಳಿತ್ತು.

ಸರಪಳಿಯ ಓರೆಯನ್ನೂ ಗಮನಿಸಬೇಕು. 200 ಕಿಲೋ ಎಂಜಿನ್ನಿಗೆ ಎರಡು ಕಡೆ ಸರಪಳಿ ಕಟ್ಟಿದರೆ ಒಂದೊಂದಕ್ಕೆ 100 ಕಿಲೋ ಬೀಳುತ್ತದೆ ಎಂದು ಅನೇಕರು ಭಾವಿಸುತ್ತಾರೆ. ಸರಪಳಿ ನೆಟ್ಟಗಿದ್ದರೆ ಮಾತ್ರ ಆ ಲೆಕ್ಕ ಸರಿ. ನೆಲಮಟ್ಟದಿಂದ 60 ಡಿಗ್ರಿ ಓರೆಯಿದ್ದರೆ ಒಂದೊಂದಕ್ಕೆ ಸುಮಾರು 115 ಕಿಲೋ, ಗಿಡ್ಡ ಸರಪಳಿ ಕಟ್ಟಿ ಓರೆ 30 ಡಿಗ್ರಿಗೆ ಇಳಿದರೆ ಒಂದೊಂದಕ್ಕೂ ಪೂರ್ತಿ 200 ಕಿಲೋ. ಜೊತೆಗೆ ಬೋಲ್ಟುಗಳನ್ನು ಒಳಮುಖವಾಗಿ ಜಗ್ಗುವ ಎಳೆತ ಬೇರೆ. ಬಾನೆಟ್ ಅಡ್ಡ ಬರುತ್ತದೆಂದು ಸರಪಳಿಯನ್ನು ಗಿಡ್ಡ ಮಾಡುವುದಕ್ಕಿಂತ ಬಾನೆಟ್ಟನ್ನೇ ಬಿಚ್ಚಿಡುವುದು ಲೇಸು.

ನೈಲಾನ್ ಹಗ್ಗ ಚೂಪು ಅಂಚಿಗೆ ತಾಗಿದರೆ ಕತ್ತರಿಸಿಹೋಗುತ್ತದೆ, ಎಂಜಿನ್ನಿಗೆ ಗಾಳಿ ಒಯ್ಯುವ ಪ್ಲಾಸ್ಟಿಕ್ ಇನ್‌ಟೇಕ್ ಮ್ಯಾನಿಫೋಲ್ಡಿಗೆ ಎಂದೂ ಭಾರ ಹಾಕಬಾರದು. ಚಕ್ರದ ಕ್ರೇನ್ ತೋಳನ್ನು ಮುಂದಕ್ಕೆ ಚಾಚಿದಷ್ಟೂ ಎತ್ತುವ ಶಕ್ತಿ ಇಳಿಯುತ್ತದೆ. ತೋಳಿನ ಪ್ರತಿ ತೂತಿನ ಬಳಿ ಬರೆದಿರುವ ಅಂಕಿ ಅದನ್ನೇ ಹೇಳುತ್ತದೆ. ಗೇರ್ ಬಾಕ್ಸನ್ನು ಗಾಡಿಯಲ್ಲೇ ಬಿಡುವುದಾದರೆ ಅದರ ಕೆಳಗೆ ಜಾಕ್ ಕೊಡಬೇಕು. ಎಂಜಿನ್ ಮೌಂಟಿಂಗಿನಿಂದ ಎರಡು ಬೆರಳು ಎದ್ದ ಕೂಡಲೇ ನಿಲ್ಲಿಸಿ, ಪೈಪು, ವೈರು, ಬೋಲ್ಟು ಎಲ್ಲವನ್ನೂ ಸುತ್ತ ನೋಡಿ, ಆಮೇಲೆ ಮುಂದುವರಿಯಬೇಕು. ತೂಗಾಡುವ ಎಂಜಿನ್ನನ್ನು ಬದಿಯಿಂದ ಕೋಲು ಅಥವಾ ಹಗ್ಗದಿಂದ ತಡೆಯಬಹುದು. ಅದರ ಕೆಳಗೆ ಕೈ ಹೋಗಬಾರದು.

ಎತ್ತುವ ಸರಪಳಿ, ಹಗ್ಗ, ಪುಲ್ಲಿಗಳನ್ನು ಬಲ್ಲವರಿಂದ 12 ತಿಂಗಳಿಗೊಮ್ಮೆಯಾದರೂ ಪರೀಕ್ಷೆ ಮಾಡಿಸಬೇಕೆಂದು 2025ರ ನವೆಂಬರ್ ತನಕ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ 29ನೇ ಕಲಮಿನಲ್ಲಿ ಬರೆದಿತ್ತು. ನಾಲ್ಕೈದು ಜನರ ಗ್ಯಾರೇಜಿಗೆ ಅಂಥ ತಪಾಸಣೆ ಬರುವುದಿಲ್ಲ. ಅಲ್ಲಿ ದುಡಿಯುವ ಹುಡುಗರಿಗೆ ಇರುವ ಕಾವಲು ಮೇಸ್ತ್ರಿಯ ಎಚ್ಚರ ಮತ್ತು ಗಾಡಿ ತಂದವರ ಒತ್ತಾಯ, ಎರಡೇ.

ನಿಮ್ಮ ಕಾರಿನ ಬಾನೆಟ್ ತೆರೆದು ಆ ಎರಡು ಕೊಕ್ಕೆಗಳಿವೆಯೇ ಎಂದು ನೋಡಿ. ಒಂದು ಇಲ್ಲದಿದ್ದರೂ ಎಂಜಿನ್ ನಂಬರು ಹೇಳಿ ಬಿಡಿಭಾಗದ ಅಂಗಡಿಯಲ್ಲಿ ಅದರದೇ ಬೋಲ್ಟಿನೊಂದಿಗೆ ತರಿಸಿ, ಕೂರಿಸಿದ ಮೇಲೆಯೇ ಪುಲ್ಲಿ ಹಾಕಲು ಒಪ್ಪಿ. ಹೆಡ್ ಕೆಲಸ ಮುಗಿಸಿ ಗಾಡಿ ಮರಳಿ ಪಡೆಯುವಾಗಲೂ ಅವು ತಮ್ಮ ಜಾಗದಲ್ಲಿವೆಯೇ ಎಂದು ನೋಡಿಯೇ ಹಣ ಕೊಡಿ.