ಹಾಸನ, ಚಿಕ್ಕಮಗಳೂರಿನ ಸ್ಟೇಜಿಗೆ ಹಗುರ ಸಿಂಥ್: ಐದು ಮಾಡೆಲ್, ನೇರ ಮಾತು

ಸಿಂಥ್, ಅಂದರೆ ಸ್ಟೇಜಿನ ಎಲೆಕ್ಟ್ರಾನಿಕ್ ಕೀಬೋರ್ಡ್, ತಗೊಳ್ಳಲು ಹೊರಟವರು ಅಂಗಡಿಯಲ್ಲಿ ಮೊದಲು ಕೇಳುವುದು ಎಷ್ಟು ಟೋನ್ (ವಾದ್ಯಗಳ ದನಿ) ಇದೆ ಅಂತ. ಸಾವಿರ ಟೋನ್ ಇದ್ದರೂ ಒಂದು ರಸಮಂಜರಿ ಕಾರ್ಯಕ್ರಮದಲ್ಲಿ ಕೈ ಹೋಗುವುದು ಹದಿನೈದಿಪ್ಪತ್ತರ ಮೇಲೆ ಮಾತ್ರ. ವಾರಕ್ಕೆರಡು ದಿನ ಪ್ರಾಕ್ಟೀಸಿಗೆ ಹೊತ್ತುಕೊಂಡು ಹೋಗಿ, ಗಣಪತಿ ಸೀಸನ್ನಿನಲ್ಲಿ ಇವತ್ತು ಅರಸೀಕೆರೆ, ನಾಳೆ ಮೂಡಿಗೆರೆ ಅಂತ ತಿರುಗುವವರು ಕೇಳಬೇಕಾದ್ದು ಎರಡೇ ಪ್ರಶ್ನೆ: ಬ್ಯಾಗು ಸೇರಿ ತೂಕ ಎಷ್ಟು? ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವಷ್ಟರಲ್ಲಿ ಎಷ್ಟು ಬಟನ್ ಒತ್ತಬೇಕು? ಇವೆರಡನ್ನೇ ಇಟ್ಟುಕೊಂಡು ಇಲ್ಲಿ ಐದು ಮಾಡೆಲ್ ನೋಡಿದ್ದೇವೆ, ಎಲ್ಲವೂ 61 ಕೀಯವು. 88 ಕೀಯ ಮಾತು ಬೇಡ. ರೋಲ್ಯಾಂಡಿನ ಜೂನೋ-ಡಿಎಸ್88 ಒಂದೇ 16.2 ಕೆಜಿ ತೂಗುತ್ತದೆ, ಅದನ್ನು ಬಸ್ಸಿಗೆ ಹತ್ತಿಸಲು ಇನ್ನೊಬ್ಬರು ಬೇಕು.

ತೂಕದ ಲೆಕ್ಕ ಹೀಗಿದೆ. ಕೋರ್ಗ್ ಕ್ರಾಸ್ 2-61 ಬರೀ 3.8 ಕೆಜಿ. ರೋಲ್ಯಾಂಡ್ ಎಕ್ಸ್‌ಪಿಎಸ್-10 ಸುಮಾರು 4 ಕೆಜಿ. ಯಮಹಾ ಎಂಎಕ್ಸ್61 4.8, ರೋಲ್ಯಾಂಡ್ ಜೂನೋ-ಡಿಎಸ್61 5.3, ಯಮಹಾ ಸಿಕೆ61 5.6. ಅತಿ ಹಗುರದ್ದಕ್ಕೂ ಅತಿ ಭಾರದ್ದಕ್ಕೂ ನಡುವೆ 1.8 ಕೆಜಿ ಅಷ್ಟೇ. ಸ್ಟ್ಯಾಂಡು, ಪೆಡಲ್, ಅಡಾಪ್ಟರ್, ಕೇಬಲ್ ಸೇರಿದ ಮೇಲೆ ಆ ವ್ಯತ್ಯಾಸ ಹೆಗಲಿಗೆ ಅಷ್ಟಾಗಿ ತಿಳಿಯುವುದಿಲ್ಲ. ಹಗುರವಾದಷ್ಟೂ ಒಂದು ತೊಂದರೆಯೂ ಇದೆ. ಒಂಟಿ ಪಟ್ಟಿಯ ಎಕ್ಸ್ ಸ್ಟ್ಯಾಂಡಿನ ಮೇಲೆ ಕ್ರಾಸ್ ಇಟ್ಟು ಜೋರಾಗಿ ಬಾರಿಸಿದರೆ ಅದು ಅಲುಗಾಡುತ್ತದೆ, ಜಾರುತ್ತದೆ. ಜೋಡಿ ಪಟ್ಟಿಯ ಸ್ಟ್ಯಾಂಡ್ ತಗೊಳ್ಳಿ, ತೋಳುಗಳಿಗೆ ರಬ್ಬರ್ ಇದೆಯಾ ನೋಡಿ.

ಕ್ರಾಸ್ ಬಗ್ಗೆ ಹೇಳುವುದು ಕಡಿಮೆ. ಆರು ಎಎ ಸೆಲ್ಲಿನಲ್ಲಿ ನಡೆಯುತ್ತದೆ, ಒತ್ತಿ ಶಬ್ದ ನುಡಿಸುವ 16 ಪ್ಯಾಡ್ ಇವೆ, ಟೋನ್ ವಿಭಾಗ ಆರಿಸಲು ತಿರುಗಿಸುವ ಡಯಲ್ ಇದೆ. ಕೀಗಳ ಸ್ಪರ್ಶ ಮಾತ್ರ ತೆಳು. ನಿಧಾನದ ಪಿಯಾನೋ ಹಾಡಿನಲ್ಲಿ ಮೆಲ್ಲಗೆ ಒತ್ತಿದ್ದಕ್ಕೂ ಗಟ್ಟಿಯಾಗಿ ಒತ್ತಿದ್ದಕ್ಕೂ ಬೆರಳಿಗೆ ಹಿಡಿತ ಸಿಗುವುದು ಕಷ್ಟ.

ಎಕ್ಸ್‌ಪಿಎಸ್-10 ನಮ್ಮ ಕಡೆಯ ಆರ್ಕೆಸ್ಟ್ರಾಗಳ ಹಳೇ ಗೆಳೆಯ. ಭಾರತದಂಥ ಮಾರುಕಟ್ಟೆಗೆಂದೇ ಮಾಡಿದ್ದು, ಹಾರ್ಮೋನಿಯಂ, ಸಿತಾರ್, ಶಹನಾಯಿ ಒಳಗೇ ಇವೆ, ಸ್ವರಸ್ಥಾನ ಹೊಂದಿಸಲು ಸ್ಕೇಲ್ ಟ್ಯೂನ್ ಇದೆ. ಭಜನೆ, ಜಾನಪದ, ಹಳೆಯ ಚಿತ್ರಗೀತೆಯೇ ಹೆಚ್ಚಾಗಿದ್ದರೆ ಇದಕ್ಕಿಂತ ಹೆಚ್ಚು ಖರ್ಚು ಮಾಡಬೇಕಿಲ್ಲ. ಪಿಯಾನೋ, ಸ್ಟ್ರಿಂಗ್ಸ್ ಜೂನೋ ಮಟ್ಟಕ್ಕೆ ಬರುವುದಿಲ್ಲ ಅನ್ನುವುದು ತಿಳಿದಿರಲಿ.

ಎಂಎಕ್ಸ್61 ಬಂದದ್ದು 2013ರಲ್ಲಿ. ಮೋಟಿಫ್ ಎಕ್ಸ್‌ಎಸ್ ಸಾಲಿನ ಟೋನ್‌ಗಳು, 128 ಪಾಲಿಫೋನಿ (ಒಟ್ಟಿಗೆ ನುಡಿಯಬಲ್ಲ ಸ್ವರಗಳ ಲೆಕ್ಕ), ಕಿವಿಗೆ ಇವತ್ತಿಗೂ ಹಿತ. ಲೇಯರ್ (ಎರಡು ಟೋನ್ ಒಟ್ಟಿಗೆ), ಸ್ಪ್ಲಿಟ್ (ಎಡಕ್ಕೊಂದು, ಬಲಕ್ಕೊಂದು ಟೋನ್) ಎರಡಕ್ಕೂ ಬೇರೆ ಬೇರೆ ಬಟನ್ ಇವೆ. ಸ್ಪ್ಲಿಟ್ ಒತ್ತಿಹಿಡಿದು ಎಲ್ಲಿ ಒಡೆಯಬೇಕೋ ಆ ಕೀ ಒತ್ತಿದರೆ ಆಯಿತು. ಇಲ್ಲಿಯವರೆಗೆ ಚೆನ್ನ. ಆಳಕ್ಕಿಳಿದು ಬದಲಿಸಲು ಹೋದರೆ ಪರದೆ ಎರಡೇ ಸಾಲಿನದು, ಪುಟದ ಹಿಂದೆ ಪುಟ ದಾಟಬೇಕು. ದೊಡ್ಡ ದೂರು ಇನ್ನೊಂದಿದೆ. ಒಂದು ಪರ್ಫಾರ್ಮೆನ್ಸ್‌ನಿಂದ (ಉಳಿಸಿಟ್ಟ ಟೋನ್ ಜೋಡಣೆಯಿಂದ) ಇನ್ನೊಂದಕ್ಕೆ ಹೋದ ಕ್ಷಣ ಹಿಡಿದಿದ್ದ ಸ್ವರ ಕಡಿದುಹೋಗುತ್ತದೆ. ಪಲ್ಲವಿಯ ಕೊನೆಯ ಸ್ಟ್ರಿಂಗ್ಸ್ ಎಳೆದುಕೊಂಡೇ ಕೊಳಲಿನ ಟೋನಿಗೆ ಹೋಗಬೇಕಾದ ಹಾಡಿನಲ್ಲಿ ಈ ಕಡಿತ ಸಭಿಕರಿಗೂ ಕೇಳಿಸುತ್ತದೆ. ಉಪಾಯ ಒಂದೇ: ಕೊಳಲು ಬಲಕ್ಕೆ, ಸ್ಟ್ರಿಂಗ್ಸ್ ಎಡಕ್ಕೆ ಸ್ಪ್ಲಿಟ್ ಮಾಡಿಟ್ಟುಕೊಂಡು ಟೋನ್ ಬದಲಿಸುವ ಗೋಜಿಗೇ ಹೋಗದಿರುವುದು.

ನಮ್ಮ ಆಯ್ಕೆ ಜೂನೋ-ಡಿಎಸ್61. 2015ರ ಮಾಡೆಲ್, 2024ರಲ್ಲಿ ಜೂನೋ-ಡಿ ಸಾಲು ಬಂದ ಮೇಲೆ ಇದು ಸೆಕೆಂಡ್ ಹ್ಯಾಂಡ್ ಆಗಿ ಕೈಗೆಟಕುವಂತಾಗಿದೆ. ಇಷ್ಟವಾಗಲು ಕಾರಣ ಮೇಲ್ಭಾಗದ ನಾಬ್‌ಗಳು. ಕಟ್‌ಆಫ್ (ದನಿಯ ಚೂಪು), ಅಟ್ಯಾಕ್ (ಸ್ವರ ಏಳಲು ಹಿಡಿಯುವ ಸಮಯ), ರಿಲೀಸ್‌ಗೆ (ಕೀ ಬಿಟ್ಟ ಮೇಲೆ ಆರಲು ಹಿಡಿಯುವ ಸಮಯ) ಮೆನು ತೆರೆಯಬೇಕಿಲ್ಲ. ಉದಾಹರಣೆಗೆ, ಒಂದು ಭಾವಗೀತೆಗೆ ಪಿಯಾನೋ ಜೊತೆ ಮೆತ್ತನೆಯ ಸ್ಟ್ರಿಂಗ್ಸ್ ಬೇಕು ಅನ್ನಿ. ಪಿಯಾನೋ ಆರಿಸಿ, ಡ್ಯುಯಲ್ ಒತ್ತಿ, ಎರಡನೇ ಟೋನಿಗೆ ಸ್ಟ್ರಿಂಗ್ಸ್ ಹಾಕಿ, ಅದರ ಲೆವೆಲ್ ಪಿಯಾನೋಗಿಂತ ಕೆಳಗಿಳಿಸಿ. ಕಟ್‌ಆಫ್ ಸ್ವಲ್ಪ ಎಡಕ್ಕೆ ತಿರುಗಿಸಿದರೆ ಸ್ಟ್ರಿಂಗ್ಸಿನ ಚುಚ್ಚುವಿಕೆ ಹೋಗುತ್ತದೆ. ಅಟ್ಯಾಕ್ ಹೆಚ್ಚಿಸುವಾಗ ಹುಷಾರು: ನಿಧಾನ ಲಯದಲ್ಲಿ ಚೆನ್ನಾಗಿ ಕೇಳುವ ಉಬ್ಬು, ಚುರುಕು ಹಾಡಿನಲ್ಲಿ ತಾಳಕ್ಕಿಂತ ಹಿಂದೆ ಬೀಳುತ್ತದೆ, ಹಾಡುವವರು ನೀವೇ ಎಳೆಯುತ್ತಿದ್ದೀರಿ ಅಂತ ತಿಳಿಯುತ್ತಾರೆ. ಮುಗಿದ ಮೇಲೆ ರೈಟ್ (WRITE) ಬಟನ್ ಒತ್ತಿ ಉಳಿಸಲೇಬೇಕು. ಇಲ್ಲದಿದ್ದರೆ ಬೇರೆ ಟೋನಿಗೆ ಹೋಗಿ ವಾಪಸ್ ಬರುವಷ್ಟರಲ್ಲಿ ತಿದ್ದಿದ್ದೆಲ್ಲ ಮಾಯ. ಹೆಸರು ಕೊಡುವಾಗ ಟೋನಿನ ಹೆಸರು ಬೇಡ, ಹಾಡಿನ ಮೊದಲ ಪದ ಮತ್ತು ಶ್ರುತಿ ಹಾಕಿ. ಪರದೆಯಲ್ಲಿ ಇಂಗ್ಲಿಷ್ ಅಕ್ಷರವಷ್ಟೇ ಮೂಡುತ್ತದೆ, ಆದ್ದರಿಂದ ಚುಟುಕಾಗಿ. ಮತ್ತೆ ಮತ್ತೆ ಬೇಕಾಗುವುದನ್ನು ಫೇವರಿಟ್‌ನಲ್ಲಿ ಹಾಡಿನ ಕ್ರಮದಲ್ಲೇ ಜೋಡಿಸಿಕೊಳ್ಳಿ.

ಪಾಲಿಫೋನಿಯ ಲೆಕ್ಕವೂ ಇಲ್ಲಿ ಬರುತ್ತದೆ. 128 ಅಂದರೆ ಬೇಕಾದಷ್ಟು ಅನ್ನಿಸಬಹುದು. ಸ್ಟೀರಿಯೋ ಪಿಯಾನೋ ಒಂದು ಸ್ವರಕ್ಕೇ ಎರಡೋ ಹೆಚ್ಚೋ ತಿನ್ನುತ್ತದೆ, ಮೇಲೆ ಸ್ಟ್ರಿಂಗ್ಸ್, ಸಾಲದ್ದಕ್ಕೆ ಕಾಲು ಸ್ವರ ಹಿಡಿದಿಡುವ ಪೆಡಲ್ ಮೇಲೆ. ಬೇಗ ಓಡುವ ಭಾಗದಲ್ಲಿ ಹಳೇ ಸ್ವರಗಳು ತಾವಾಗಿ ಕಡಿಯುವುದಕ್ಕೆ ಇದೇ ಕಾರಣ. ಪೆಡಲನ್ನು ಪ್ರತಿ ಸ್ವರಸಂಗತಿಗೂ ಎತ್ತಿ ಇಳಿಸುವ ಅಭ್ಯಾಸ ಮಾಡಿಕೊಂಡರೆ ಸಾಕು.

ಇನ್ನು ನಮ್ಮ ಸ್ಟೇಜಿನ ನಿತ್ಯದ ಕಾಟ ಶ್ರುತಿಯದು. ಪ್ರಾಕ್ಟೀಸಿನಲ್ಲಿ ಬಿಳಿ ನಾಲ್ಕಕ್ಕೆ (ಎಫ್ ಶ್ರುತಿಗೆ) ಒಪ್ಪಿದ ಗಾಯಕರು ಮೈಕ್ ಹಿಡಿದ ಮೇಲೆ ಪಕ್ಕಕ್ಕೆ ಬಾಗಿ, 'ಸರ್, ಅರ್ಧ ಇಳಿಸಿ' ಅನ್ನುತ್ತಾರೆ. ಜೂನೋದಲ್ಲಿ ಟ್ರಾನ್ಸ್‌ಪೋಸ್ (ಇಡೀ ಕೀಬೋರ್ಡಿನ ಶ್ರುತಿ ಏರಿಳಿಸುವ ಸೌಲಭ್ಯ) ಒಂದು ಮೈನಸ್ ಮಾಡಿದರೆ ಬಿಳಿ ನಾಲ್ಕು ಬಿಳಿ ಮೂರಾಗುತ್ತದೆ, ಬೆರಳು ಎಲ್ಲಿತ್ತೋ ಅಲ್ಲೇ. ಎಡವಟ್ಟಾಗುವುದು ಪ್ಯಾಡಿನಲ್ಲಿ. ಎಂಟು ಫ್ರೇಸ್ ಪ್ಯಾಡಿಗೆ ಯುಎಸ್‌ಬಿ ಪೆನ್‌ಡ್ರೈವಿನಿಂದ ಆಡಿಯೋ ಹಾಕಿಕೊಂಡಿದ್ದರೆ ಅದು ರೆಕಾರ್ಡ್ ಆದ ಶ್ರುತಿಯಲ್ಲೇ ಓಡುತ್ತದೆ, ಟ್ರಾನ್ಸ್‌ಪೋಸ್‌ಗೆ ಬಗ್ಗುವುದಿಲ್ಲ. ತಾಳದ ಲೂಪ್ (ಮತ್ತೆ ಮತ್ತೆ ಓಡುವ ತುಣುಕು) ಆದರೆ ಪರವಾಗಿಲ್ಲ, ಬೇಸ್ ಅಥವಾ ಸ್ವರವಿರುವ ಲೂಪ್ ಆದರೆ ಇಡೀ ಹಾಡು ಬೇಸುರ. ಅಂಥ ಲೂಪನ್ನು ಮೂರು ಶ್ರುತಿಯಲ್ಲಿ ಮಾಡಿ ಮೂರು ಪ್ಯಾಡಿಗೆ ಹಾಕಿಡುವುದು ಒಳ್ಳೆಯದು. ಹಾಡು ಮುಗಿದ ಕೂಡಲೇ ಟ್ರಾನ್ಸ್‌ಪೋಸ್ ಸೊನ್ನೆಗೆ ತನ್ನಿ. ಮರೆತರೆ ಮುಂದಿನ ಹಾಡಿನ ಮೊದಲ ಸ್ವರಕ್ಕೇ ಗಿಟಾರಿನವರು ನಿಮ್ಮ ಕಡೆ ತಿರುಗಿ ನೋಡುತ್ತಾರೆ.

ಸಿಕೆ61 2023ರದು. ಪ್ರೋಗ್ರಾಮಿಂಗ್ ಸುಲಭ ಅನ್ನುವುದೇ ಮುಖ್ಯವಾದರೆ ಇದಕ್ಕೆ ಮೊದಲ ಸ್ಥಾನ. ಮೂರು ಪಾರ್ಟ್, ಪ್ರತಿಯೊಂದಕ್ಕೂ ಆನ್-ಆಫ್ ಬಟನ್, ಆರ್ಗನ್‌ಗೆ ಒಂಬತ್ತು ಡ್ರಾಬಾರ್ (ದನಿ ಹೊಂದಿಸುವ ಸ್ಲೈಡರ್), ಒಳಗೇ ಸ್ಪೀಕರ್. ಪ್ರಾಕ್ಟೀಸ್ ಮನೆಯಲ್ಲಿ ಆಂಪ್ಲಿಫೈಯರ್ ಇಲ್ಲದೆ ನಡೆಯುತ್ತದೆ. ಎಂಎಕ್ಸ್‌ನಂತೆ ಟೋನ್ ಬದಲಿಸಿದಾಗ ಸ್ವರ ಕಡಿಯುವುದೂ ಇಲ್ಲ. ನಮ್ಮ ವಾದ್ಯಗಳ ಟೋನ್ ಮಾತ್ರ ಇದರಲ್ಲಿ ಕೈಗೆ ಹತ್ತುವಷ್ಟಿಲ್ಲ, ಬೆಲೆಯೂ ಮೇಲೆ. ಪಾಶ್ಚಾತ್ಯ ಹಾಡು, ಚರ್ಚ್ ಸಂಗೀತ, ರೆಸಾರ್ಟ್ ಕಾರ್ಯಕ್ರಮ ಹೆಚ್ಚಿರುವವರಿಗೆ ಒಪ್ಪುತ್ತದೆ.

ಕರೆಂಟ್ ಬಗ್ಗೆ. ಊರೂರಿನ ಶಾಮಿಯಾನದಲ್ಲಿ ಜನರೇಟರ್ ಬದಲಾಗುವಾಗ ಒಂದೆರಡು ಸೆಕೆಂಡ್ ಕರೆಂಟ್ ಹೋಗುತ್ತದೆ, ಬರೀ ಅಡಾಪ್ಟರಿನ ಮೇಲಿರುವ ಸಿಂಥ್ ಆಫ್ ಆಗಿ ಮತ್ತೆ ಏಳಬೇಕು. ಇಲ್ಲಿ ಸೆಲ್ ಹಾಕುವ ಸೌಲಭ್ಯದ ಬೆಲೆ ತಿಳಿಯುತ್ತದೆ. ಜೂನೋ-ಡಿಎಸ್61ಗೆ ಎಂಟು ಎಎ ಸೆಲ್, ಅದೂ ರೀಚಾರ್ಜ್ ಆಗುವ ನಿಕಲ್-ಮೆಟಲ್ ಹೈಡ್ರೈಡ್ ಬಗೆಯದು. ಎಂಟೂ ಸೇರಿ ಕಾಲು ಕೆಜಿಯ ಆಸುಪಾಸು. ಸಿಕೆ61 ಕೂಡ ಎಂಟು ಎಎ ಸೆಲ್ಲಿನಲ್ಲಿ ನಡೆಯುತ್ತದೆ. ಎಂಎಕ್ಸ್61ಗೆ ಸೆಲ್ ಇಲ್ಲ. ಅಡಾಪ್ಟರ್ ಅದಲುಬದಲು ಮಾಡಬೇಡಿ: ಎಂಎಕ್ಸ್‌ನದು 12 ವೋಲ್ಟ್, ನಡುವಿನ ಪಿನ್ ಪ್ಲಸ್, ಜೂನೋದ್ದು 9 ವೋಲ್ಟ್, ನಡುವಿನ ಪಿನ್ ಮೈನಸ್. ಇಬ್ಬರು ಕೀಬೋರ್ಡಿನವರಿರುವ ಸ್ಟೇಜಿನಲ್ಲಿ ಕತ್ತಲಲ್ಲಿ ಗಡಿಬಿಡಿಯಾಗುವುದು ಸಾಮಾನ್ಯ, ಬಣ್ಣದ ಟೇಪ್ ಸುತ್ತಿಡಿ.

ಸೌಂಡ್‌ನವರು ಬಹುತೇಕ ಒಂದೇ ಲೈನ್ ಕೊಡುತ್ತಾರೆ. ಎಡಗಡೆಯ, ಮೋನೋ ಅಂತ ಬರೆದ ಜ್ಯಾಕಿಗೇ ಹಾಕಿ. ಎರಡನ್ನೂ ಎಳೆದು ಮಿಕ್ಸರ್‌ನಲ್ಲಿ ಕೂಡಿಸಿದರೆ ಪಿಯಾನೋ ತೆಳ್ಳಗಾಗಬಹುದು. ಗುಂಯ್ ಅನ್ನುವ ಶಬ್ದ ಬಂದರೆ ಗ್ರೌಂಡ್ ಲಿಫ್ಟ್ (ಕೇಬಲ್ಲಿನ ಗ್ರೌಂಡ್ ಬಿಡಿಸುವ ಸ್ವಿಚ್) ಇರುವ ಡಿಐ ಬಾಕ್ಸ್ ಅನ್ನುವ ಪುಟ್ಟ ಪೆಟ್ಟಿಗೆಯನ್ನು ಸಿಂಥ್‌ಗೂ ಮಿಕ್ಸರ್‌ಗೂ ನಡುವೆ ಇಡಿ, ಯಾರೇ ಹೇಳಿದರೂ ಪ್ಲಗ್ಗಿನ ಅರ್ಥ್ ಪಿನ್ ಮುರಿಯಬೇಡಿ. ರಿವರ್ಬ್ ಪ್ರಾಕ್ಟೀಸಿನ ಚಿಕ್ಕ ಕೋಣೆಯಲ್ಲಿ ಇಟ್ಟಷ್ಟು ಹಾಸನಾಂಬ ಕಲಾಕ್ಷೇತ್ರದಲ್ಲೋ ಚಿಕ್ಕಮಗಳೂರಿನ ಕುವೆಂಪು ಕಲಾಮಂದಿರದಲ್ಲೋ ಬೇಕಾಗುವುದಿಲ್ಲ, ಸಭಾಂಗಣವೇ ಕೊಡುತ್ತದೆ. ಬಯಲಿನಲ್ಲಿ ಸ್ವಲ್ಪ ಏರಿಸಬಹುದು.

ಪೆಡಲ್ ವಿಷಯದಲ್ಲಿ ಒಂದು ಮಾತು. ಕಂಪನಿಯಿಂದ ಕಂಪನಿಗೆ ಧ್ರುವ ಉಲ್ಟಾ ಇರುತ್ತದೆ. ಒತ್ತಿದರೆ ಸ್ವರ ನಿಂತು, ಬಿಟ್ಟರೆ ಎಳೆದರೆ ಅದೇ ಸಮಸ್ಯೆ. ಪೆಡಲ್ ಚುಚ್ಚಿ, ಕಾಲು ತೆಗೆದು, ಆಮೇಲೆ ಪವರ್ ಆನ್ ಮಾಡಿ ನೋಡಿ. ಎಷ್ಟೋ ಸಿಂಥ್ ಆ ಕ್ಷಣದಲ್ಲೇ ಧ್ರುವ ಗುರುತಿಸಿಕೊಳ್ಳುತ್ತವೆ.

ಸೆಕೆಂಡ್ ಹ್ಯಾಂಡ್ ನೋಡುವವರಿಗೆ ಕೊನೆಯದೊಂದು ಪರೀಕ್ಷೆ, ಅದರಲ್ಲೂ ಮಾಲು ಮಲೆನಾಡಿನದಾದರೆ. ಸಕಲೇಶಪುರ, ಮೂಡಿಗೆರೆ ಕಡೆಯ ಮಳೆಗಾಲದ ತೇವ ಕೀಗಳ ಕೆಳಗಿನ ರಬ್ಬರ್ ಕಾಂಟ್ಯಾಕ್ಟಿಗೆ ಮೊದಲು ತಗಲುತ್ತದೆ. ಪ್ರತಿ ಕೀಗೂ ಎರಡು ಕಾಂಟ್ಯಾಕ್ಟ್ ಇದ್ದು, ಒಂದು ಮುಚ್ಚಿ ಇನ್ನೊಂದು ಮುಚ್ಚುವ ನಡುವಿನ ಸಮಯದಿಂದ ಒತ್ತಡ ಲೆಕ್ಕವಾಗುತ್ತದೆ. ಒಂದರ ಮೇಲೆ ಧೂಳು, ಬೂಷ್ಟು ಕೂತರೆ ಲೆಕ್ಕ ತಪ್ಪಿ ಮೆಲ್ಲಗೆ ಒತ್ತಿದ ಸ್ವರವೂ ಸಿಡಿದಂತೆ ಬರುತ್ತದೆ, ಇಲ್ಲವೇ ಬರುವುದೇ ಇಲ್ಲ. ಪಿಯಾನೋ ಟೋನ್ ಹಾಕಿ, ಒಂದೇ ಬೆರಳಿನಿಂದ ಒಂದೇ ಮೆಲು ಒತ್ತಡದಲ್ಲಿ 61 ಕೀಯನ್ನೂ ಸಾಲಾಗಿ ಒತ್ತಿ. ಎರಡು ಮೂರು ಕೀ ತಪ್ಪಿದರೆ ಬಿಚ್ಚಿ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಒರೆಸಿದರೆ ಸರಿಹೋಗುತ್ತದೆ, ಅಷ್ಟನ್ನು ಬೆಲೆಯಲ್ಲಿ ಇಳಿಸಿ ಕೇಳಿ. ಒಂದು ಇಡೀ ಆಕ್ಟೇವ್ ತಪ್ಪುತ್ತಿದ್ದರೆ ಪಟ್ಟಿಯನ್ನೇ ಬದಲಿಸಬೇಕಾಗಬಹುದು, ಬಿಡಿಭಾಗಕ್ಕೆ ಬೆಂಗಳೂರಿಗೇ ಓಡಬೇಕು; ಅಂಥದ್ದು ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬಿಟ್ಟು ಬನ್ನಿ.