ರೈಲೇ ಇಲ್ಲದ ಜಿಲ್ಲೆಯಲ್ಲಿ ಮಾಡೆಲ್ ರೈಲು ಪ್ರದರ್ಶನ: ರೈಲು ಚೆನ್ನಾಗಿದೆ, ತಾರೀಕು ಸರಿಯಿಲ್ಲ

ಮೊದಲೇ ಅಂಕ ಹೇಳಿಬಿಡುತ್ತೇನೆ. ರೈಲಿಗೆ ಐದಕ್ಕೆ ನಾಲ್ಕೂವರೆ, ತಾರೀಕಿಗೆ ಒಂದು. ಆ ಒಂದು ಕೂಡ ಬಂದವರ ಜೊತೆ ನಡೆಸುವವರು ಅಷ್ಟು ತಾಳ್ಮೆಯಿಂದ ಮಾತಾಡಿದ್ದಕ್ಕೆ.

ಮಡಿಕೇರಿಯ ಒಂದು ಕಲ್ಯಾಣ ಮಂಟಪದಲ್ಲಿ ಬೆಂಗಳೂರು, ಮೈಸೂರು ಕಡೆಯ ಹವ್ಯಾಸಿಗಳು ಸೇರಿ ಎರಡು ದಿನ ಮಾಡೆಲ್ ರೈಲುಗಳನ್ನು ಓಡಿಸುತ್ತಾರೆ. ದೊಡ್ಡವರಿಗೆ ಐವತ್ತು ರೂಪಾಯಿ ಟಿಕೆಟ್, ಮಕ್ಕಳಿಗೆ ಪುಕ್ಕಟೆ. ನಾನು ನಾಲ್ಕು ಸಲ ಹೋಗಿದ್ದೇನೆ. ಮೊದಲ ಸಲ ಮೆಟ್ಟಿಲಿನವರೆಗೂ ಸಾಲು ಇತ್ತು, ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ತೋರಿಸಿದ್ದೆ. ಈ ಸಲ ಶನಿವಾರ ಹನ್ನೊಂದೂವರೆಗೆ ಒಳಗೆ ಹೋದರೆ ಇಡೀ ಹಾಲ್‌ನಲ್ಲಿ ಹನ್ನೊಂದು ಜನ. ಅದರಲ್ಲಿ ಏಳು ಜನ ಟೇಬಲ್ ಹಿಂದೆ ನಿಂತವರು. ಉಳಿದ ನಾಲ್ವರಲ್ಲಿ ನಾನೊಬ್ಬ, ನನ್ನ ಮಗ ಇನ್ನೊಬ್ಬ.

ಮಾಡೆಲ್‌ಗಳ ಬಗ್ಗೆ ಮಾತ್ರ ಒಂದು ದೂರೂ ಇಲ್ಲ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಘಾಟಿಯ ಒಂದು ತುಂಡನ್ನು ಉದ್ದ ಟೇಬಲ್ ಮೇಲೆ ಕಟ್ಟಿದ್ದಾರೆ. ಸುರಂಗ, ಸೇತುವೆ, ಮತ್ತೆ ಸುರಂಗ, ಗುಡ್ಡದ ಮೇಲೆ ಪಾಚಿ. ಅಸಲಿ ದಾರಿಯಲ್ಲಿ 57 ಸುರಂಗಗಳಿವೆ, ಇಲ್ಲಿ ಮೂರು. ಆದರೂ ರೈಲು ಒಂದರೊಳಗೆ ಹೋಗಿ ಇನ್ನೊಂದರಿಂದ ಬರುವವರೆಗೆ ನನ್ನ ಮಗ ಉಸಿರು ಬಿಡಲಿಲ್ಲ. ಆ ಲೈನ್ 1979ರಲ್ಲಿ ಶುರುವಾದಾಗ ಮೀಟರ್ ಗೇಜ್, ಅಂದರೆ ಹಳಿಗಳ ನಡುವೆ ಒಂದು ಮೀಟರ್ ಅಗಲ ಇತ್ತು, ಇನ್ನೂ ಅಗಲದ ಬ್ರಾಡ್ ಗೇಜ್ ಆದದ್ದು ಆಮೇಲೆ. ಇವರು ಹಳೇ ಕಾಲವನ್ನೇ ಹಿಡಿದಿದ್ದಾರೆ. ಅದಕ್ಕಾಗಿ 12 ಮಿಲಿಮೀಟರ್ ಹಳಿ ಹಾಕಿ, ಮೀಟರ್ ಗೇಜ್‌ನ ವೈಪಿ ಸ್ಟೀಮ್ ಎಂಜಿನ್ ಒಂದನ್ನು ಹಿತ್ತಾಳೆ ತಗಡಿನಲ್ಲಿ ಕೈಯಾರೆ ಮಾಡಿದ್ದಾರೆ. ಮಾಡಿದವರು ನಿವೃತ್ತ ಮೇಷ್ಟ್ರು. ಎಷ್ಟು ದಿನ ಹಿಡಿಯಿತು ಅಂತ ಕೇಳಿದೆ, "ದಿನ ಎಣಿಸಿದ್ರೆ ಮನೇಲಿ ಜಗಳ ಆಗುತ್ತೆ" ಅಂದರು.

ಪಕ್ಕದ ಟೇಬಲ್‌ನಲ್ಲಿ ಬ್ರಾಡ್ ಗೇಜ್ ರೈಲುಗಳು. ಇಲ್ಲೊಂದು ತಮಾಷೆ ಇದೆ. ಎಚ್‌ಒ ಅಂದರೆ 1:87 ಅಳತೆ, ಅಸಲಿಯ 87ರಲ್ಲಿ ಒಂದು ಪಾಲು, ಅದರ ಹಳಿ ಪ್ರಪಂಚದಲ್ಲೆಲ್ಲಾ 16.5 ಮಿಲಿಮೀಟರ್ ಅಗಲ. ನಮ್ಮ ಬ್ರಾಡ್ ಗೇಜ್ 1676 ಮಿಲಿಮೀಟರ್. ಭಾಗಿಸಿ ನೋಡಿದರೆ 19ಕ್ಕಿಂತ ಸ್ವಲ್ಪ ಜಾಸ್ತಿ ಬರಬೇಕು. ಅಂಥ ಹಳಿ ಅಂಗಡಿಯಲ್ಲಿ ಸಿಗುವುದಿಲ್ಲ, ಹಾಗಾಗಿ ಎಲ್ಲರೂ 16.5ರಲ್ಲೇ ಓಡಿಸುತ್ತಾರೆ. ಎದುರಿನಿಂದ ನೋಡಿದರೆ ಗೂಳಿಗೆ ಮೇಕೆ ಕಾಲು ಇಟ್ಟ ಹಾಗೆ ಕಾಣುತ್ತದೆ. ಪಕ್ಕದಿಂದ ನೋಡಿ, ಏನೂ ಗೊತ್ತಾಗುವುದಿಲ್ಲ.

ಇನ್ನೊಂದು ಲೆಕ್ಕ ಅಲ್ಲೇ ನಿಂತು ಹಾಕಿದೆ. ಕೊಡಗಿಗೆ ರೈಲು ಬರುತ್ತದೆ ಅಂತ ನಾನು ಸ್ಕೂಲಿಗೆ ಹೋಗುವಾಗಿನಿಂದ ಕೇಳುತ್ತಿದ್ದೇನೆ. ಮೈಸೂರು-ಕುಶಾಲನಗರ ಲೈನ್ ಸುಮಾರು 87 ಕಿಲೋಮೀಟರ್. ಬೇಕು ಅನ್ನುವವರೂ ಇದ್ದಾರೆ, ಕಾಡು ಹೋಗುತ್ತದೆ, ಬೇಡವೇ ಬೇಡ ಅನ್ನುವವರೂ ಇದ್ದಾರೆ, ಆ ಜಗಳ ಇಲ್ಲಿ ಬೇಡ. ಆದರೆ 1:87 ಅಳತೆಯಲ್ಲಿ 87 ಕಿಲೋಮೀಟರ್ ಅಂದರೆ ಸರಿಯಾಗಿ ಒಂದು ಕಿಲೋಮೀಟರ್ ಹಳಿ! ನನ್ನ ತೋಟದ ಬೇಲಿ ಸುತ್ತ ಹಾಕಿದರೆ ಮುಗಿಯಿತು. ಇದನ್ನು ಮೇಷ್ಟ್ರಿಗೆ ಹೇಳಿದೆ, ಅವರು ನಗಲಿಲ್ಲ, ಬೇಲಿ ಎಷ್ಟು ಏರಿಳಿತ ಇದೆ ಅಂತ ಕೇಳಿದರು.

ಓಟ ಹೇಗಿತ್ತು ಅಂದರೆ, ಬೆಳಿಗ್ಗೆ ಚೆನ್ನಾಗಿತ್ತು, ಮಧ್ಯಾಹ್ನ ಸ್ವಲ್ಪ ಎಡವಿತು. ಈಗೆಲ್ಲಾ ಡಿಸಿಸಿ ಪದ್ಧತಿ. ಹಳಿಯಲ್ಲಿ ಕರೆಂಟ್ ಜೊತೆಗೇ ಆದೇಶವೂ ಹರಿಯುತ್ತದೆ, ಪ್ರತಿ ಎಂಜಿನ್ ಒಳಗೂ ಒಂದು ಪುಟ್ಟ ಡಿಕೋಡರ್, ಅದಕ್ಕೊಂದು ನಂಬರ್. ಒಂದೇ ಹಳಿಯಲ್ಲಿ ಎರಡು ಎಂಜಿನ್ ಇಟ್ಟು ಒಂದನ್ನು ಮುಂದೆ, ಒಂದನ್ನು ಹಿಂದೆ ಓಡಿಸಬಹುದು. ಆದರೆ ಹಳಿ ಸ್ವಲ್ಪ ಕೊಳೆಯಾದರೂ ಎಂಜಿನ್ ತಡವರಿಸುತ್ತದೆ. ಪಾಪ, ಒಬ್ಬರು ಬಟ್ಟೆಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿಕೊಂಡು ಹಳಿ ಒರೆಸುತ್ತಲೇ ಇದ್ದರು. ಪ್ಲೈವುಡ್ ಪೆಟ್ಟಿಗೆಗಳನ್ನು ಜೋಡಿಸಿ ಮಾಡಿದ ಲೇಔಟ್ ಬೇರೆ. ಬೆಂಗಳೂರಿನಲ್ಲಿ ಸರಿಯಾಗಿ ಕೂತದ್ದು ಇಲ್ಲಿನ ಮಂಜಿಗೆ ಕೂದಲೆಳೆಯಷ್ಟು ಉಬ್ಬಿ, ಒಂದು ಜೋಡಣೆಯಲ್ಲಿ ಪ್ರತಿ ಸಲ ಮೂರನೇ ಬೋಗಿ ಹಳಿ ತಪ್ಪುತ್ತಿತ್ತು. ನನ್ನ ಮಗನಿಗೆ ಅದೇ ಜಾಸ್ತಿ ಇಷ್ಟವಾಯಿತು ಅನ್ನುವುದು ಬೇರೆ ಮಾತು.

ಈಗ ತಾರೀಕಿನ ವಿಷಯ. ಇದಕ್ಕೇ ನಾನು ಬರೆಯಲು ಕೂತದ್ದು.

ಡಿಸೆಂಬರ್ ಕೊನೆಯ ಶನಿವಾರ, ಭಾನುವಾರ. ಕ್ರಿಸ್‌ಮಸ್‌ಗೂ ಹೊಸ ವರ್ಷಕ್ಕೂ ನಡುವೆ. ಕೊಡಗಿನಲ್ಲಿ ಇರುವ ಯಾರನ್ನಾದರೂ ಒಂದು ಮಾತು ಕೇಳಿದ್ದರೆ ಈ ದಿನ ಇಡುತ್ತಿರಲಿಲ್ಲ. ನಮ್ಮ ಸುಂಟಿಕೊಪ್ಪದಿಂದ ಮಡಿಕೇರಿಗೆ ಹದಿನೈದು ಕಿಲೋಮೀಟರ್ ಚಿಲ್ಲರೆ. ಅವತ್ತು ಒಂದು ಗಂಟೆ ಇಪ್ಪತ್ತು ನಿಮಿಷ ಹಿಡಿಯಿತು, ಮುಂದೆ ಹಿಂದೆ ಎಲ್ಲಾ ಪ್ರವಾಸಿಗರ ಕಾರುಗಳು. ಊರೊಳಗೆ ಪಾರ್ಕಿಂಗ್ ಇಲ್ಲ. ಆ ವಾರ ಇಲ್ಲಿನವರು ಸಂತೆ ಬಿಟ್ಟರೆ ಪೇಟೆಗೆ ಇಳಿಯುವುದೇ ಇಲ್ಲ, ಹಾಲು ಮೊಸರನ್ನು ಮೊದಲೇ ತಂದಿಟ್ಟುಕೊಳ್ಳುತ್ತೇವೆ. ಪ್ರವಾಸಿಗರು ಬರುತ್ತಾರಲ್ಲ ಅನ್ನಬಹುದು. ಬರುತ್ತಾರೆ, ಅಬ್ಬಿ ಜಲಪಾತಕ್ಕೆ, ರಾಜಾಸೀಟಿಗೆ. ಕಲ್ಯಾಣ ಮಂಟಪದೊಳಗೆ ಬರಲು ಅವರು ಅಷ್ಟು ದೂರ ಡ್ರೈವ್ ಮಾಡಿಕೊಂಡು ಬರುವುದಿಲ್ಲ.

ಅದಕ್ಕಿಂತ ದೊಡ್ಡದು ಕಾಫಿ. ಅರೇಬಿಕಾ ಕೊಯ್ಲು ಮುಗಿಯುತ್ತಾ ಬಂದಿರುತ್ತದೆ, ರೋಬಸ್ಟಾ ಹಣ್ಣಾಗಲು ಶುರುವಾಗಿರುತ್ತದೆ, ಕಣದಲ್ಲಿ ಕಾಫಿ ಹರಡಿರುತ್ತದೆ. ಒಂದು ಮೋಡ ಕಂಡರೂ ಟಾರ್ಪಾಲ್ ಹಿಡಿದು ಓಡಬೇಕು. ಕೆಲಸದವರು ಸಿಕ್ಕ ದಿನ ಕೊಯ್ಯಬೇಕು, ಭಾನುವಾರ ಸೋಮವಾರ ಅಂತ ಇಲ್ಲ. ನಾನು ಮನೆಯಲ್ಲಿ ಹೆಂಡತಿಗೆ ಕಣ ಒಪ್ಪಿಸಿ ಬಂದಿದ್ದೆ. ಅದರ ಸಾಲ ಇನ್ನೂ ತೀರಿಲ್ಲ.

ಜನ ಯಾಕೆ ಬರುತ್ತಿಲ್ಲ ಅಂತ ನಡೆಸುವವರನ್ನೇ ಕೇಳಿದೆ. "ಈಗಿನ ಮಕ್ಕಳಿಗೆ ಮೊಬೈಲ್ ಇದ್ರೆ ಸಾಕು ಸಾರ್, ಈ ಹವ್ಯಾಸ ನಮ್ಮ ತಲೆಗೇ ಮುಗೀತು" ಅಂದರು. ನಾನು ಒಪ್ಪುವುದಿಲ್ಲ. ನಮ್ಮ ಮಕ್ಕಳಿಗೆ ರೈಲು ಅಂದರೆ ಮೈಸೂರಿನ ರೈಲು ಮ್ಯೂಸಿಯಂಗೆ ಟೂರ್ ಹೋದಾಗ ನೋಡಿದ್ದು. ದಿನಾ ರೈಲು ನೋಡುವ ಮಗುವಿಗಿಂತ ಇವರಿಗೆ ಆಸೆ ಜಾಸ್ತಿ. ಪಕ್ಕದ ಮನೆ ಹುಡುಗ ವಾರದಿಂದ ಬರುತ್ತೇನೆ ಅಂತಿದ್ದ. ಬರಲಿಲ್ಲ, ಅವರಪ್ಪ ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರ್ ಮಿಷನ್ ಬಿಟ್ಟು ಬರುವ ಹಾಗಿರಲಿಲ್ಲ. ಅದನ್ನು ಮೊಬೈಲ್ ಲೆಕ್ಕಕ್ಕೆ ಬರೆಯುವುದು ಯಾವ ನ್ಯಾಯ?

ಡಿಸೆಂಬರ್ ಯಾಕೆ ಅಂದರೆ ಮಂಟಪ ಸಿಗುವುದು ಆಗಲೇ ಅಂತೆ. ಮೊದಲ ಸಲದ, ಸಾಲು ನಿಂತಿದ್ದ ಪ್ರದರ್ಶನ ಮೇ ತಿಂಗಳಲ್ಲಿತ್ತು, ಬೇಸಿಗೆ ರಜೆ, ಅಜ್ಜಿ ಮನೆಗೆ ಬಂದ ಮಕ್ಕಳೆಲ್ಲಾ ಅಲ್ಲೇ. ಆಮೇಲಿಂದ ಮೇನಲ್ಲಿ ಒಂದು ಮಂಟಪವೂ ಖಾಲಿ ಸಿಗಲಿಲ್ಲ, ಎಲ್ಲಾ ಮದುವೆ. ಧನುರ್ಮಾಸದಲ್ಲಿ ಮುಹೂರ್ತ ಇಲ್ಲ, ಬಾಡಿಗೆಯೂ ಕಡಿಮೆ. ಅವರ ಕಷ್ಟ ನನಗೆ ಅರ್ಥವಾಗುತ್ತದೆ, ಟಿಕೆಟ್ ದುಡ್ಡು ವ್ಯಾನ್ ಡೀಸೆಲ್‌ಗೂ ಸಾಲುವುದಿಲ್ಲ. ಆದರೆ ನಡುವೆ ಒಂದು ವರ್ಷ ಪುತ್ತರಿ ದಿನವೇ, ಗುಂಡು ಹಾರಿಸಿ ಹೊಸ ಭತ್ತದ ಕದಿರು ತೆಗೆಯುವ ನಮ್ಮ ಸುಗ್ಗಿ ಹಬ್ಬದಂದೇ ಇಟ್ಟಿದ್ದರಲ್ಲ, ಅದಕ್ಕೆ ಏನು ಹೇಳುವುದು! ಊರಿಗೆ ಊರೇ ಕದಿರು ತೆಗೆಯಲು ಸಿದ್ಧವಾಗುತ್ತಿರುವಾಗ ಇವರು ಸಂಜೆ ಎಂಟರವರೆಗೆ ಖಾಲಿ ಹಾಲ್‌ನಲ್ಲಿ ರೈಲು ಓಡಿಸಿದರಂತೆ. ಗದ್ದೆ ಕಡೆಯಿಂದ ಗುಂಡಿನ ಸದ್ದು ಕೇಳಿ ಒಬ್ಬರು ಗಾಬರಿಯಾಗಿ ಫ್ಯೂಸ್ ಚೆಕ್ ಮಾಡಿದರು ಅಂತ ಅವರೇ ಹೇಳಿ ನಕ್ಕರು.

ಜನ ಕಡಿಮೆಯಾಗುವುದು, ನಡೆಸುವ ಕೈ ಕಡಿಮೆಯಾಗುವುದು ಇಲ್ಲಿ ಮಾತ್ರ ಅಲ್ಲ. 1859ರಲ್ಲಿ ಶುರುವಾದ ಜರ್ಮನಿಯ ಮಾಡೆಲ್ ರೈಲು ತಯಾರಿಸುವ ಮಾರ್ಕ್ಲಿನ್ ಕಂಪನಿಯೇ 2009ರಲ್ಲಿ ದಿವಾಳಿ ಅರ್ಜಿ ಹಾಕಿ ಆಮೇಲೆ ಚೇತರಿಸಿಕೊಂಡಿತು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ವಾರ್ಲಿ ಕ್ಲಬ್ ನಡೆಸುತ್ತಿದ್ದ ದೊಡ್ಡ ಪ್ರದರ್ಶನ 2023ರ ನವೆಂಬರ್‌ಗೆ ನಿಂತಿತು. ಆದರೆ ಅಮೆರಿಕದ ವೆಸ್ಟ್ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಪ್ರತಿ ವರ್ಷ ಜನವರಿ ಕೊನೆಯ ವಾರಾಂತ್ಯ ಅಂದರೆ ರೈಲು ಪ್ರದರ್ಶನ. ಯಾರೂ ಪೋಸ್ಟರ್ ನೋಡಿ ತಾರೀಕು ತಿಳಿದುಕೊಳ್ಳಬೇಕಿಲ್ಲ. ಜನವರಿ ಯಾಕೆ? ಹೊರಗೆ ಹಿಮ. ಹೊಲ, ತೋಟ, ಆಟ ಏನೂ ಇಲ್ಲ. ಜನ ಮನೆಯೊಳಗೆ ಕೂತು ಬೇಸತ್ತಿರುತ್ತಾರೆ, ನಾಲ್ಕು ಗೋಡೆ, ಒಂದು ಸೂರು ಇರುವ ಯಾವುದಕ್ಕಾದರೂ ಹೊರಡುತ್ತಾರೆ.

ಅಲ್ಲಿ ಹಿಮ ಇದ್ದ ಹಾಗೆ ನಮಗೆ ಮಳೆ, ಅಲ್ವಾ? ಹಾಗಂತ ಜುಲೈನಲ್ಲಿ ಇಡಿ ಅನ್ನುವುದಿಲ್ಲ. ಆಗ ನಾಟಿ ಕೆಲಸ, ಜೋರು ಮಳೆಯ ಕಕ್ಕಡ ತಿಂಗಳು ಬೇರೆ. ಮರ ಬಿದ್ದು ಎರಡು ದಿನ ಕರೆಂಟ್ ಇಲ್ಲದಿದ್ದರೆ ಆಶ್ಚರ್ಯವಿಲ್ಲ. 2018ರ ಆಗಸ್ಟ್‌ನ ಭೂಕುಸಿತ ನೋಡಿದ ಮೇಲೆ ಮಳೆಗಾಲದ ಮಧ್ಯದಲ್ಲಿ ಜನರನ್ನು ಘಾಟಿ ರಸ್ತೆಗೆ ಕರೆಯುವ ಧೈರ್ಯ ಯಾರಿಗೂ ಬೇಡ. ಏಪ್ರಿಲ್‌ನಲ್ಲಿ ಆಗುತ್ತಾ ಅಂದರೆ, 1997ರಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬ ಇರುತ್ತದೆ, ಅದರ ಎದುರು ರೈಲಲ್ಲ, ವಿಮಾನ ತಂದರೂ ಜನ ಬರುವುದಿಲ್ಲ. ಅಕ್ಟೋಬರ್‌ನಲ್ಲಿ ದಸರಾ. ಮಡಿಕೇರಿ ದಸರಾ ರಾತ್ರಿ ದಶಮಂಟಪ, ಅಂದರೆ ಹತ್ತು ದೇವಸ್ಥಾನಗಳ ಮಂಟಪಗಳ ಮೆರವಣಿಗೆ ನೋಡಿದವರು ಮರುದಿನ ಪೂರ್ತಿ ಮಲಗಿರುತ್ತಾರೆ. ಅದರ ಹಿಂದೆ ಮುಂದೆ ಕಾವೇರಿ ಸಂಕ್ರಮಣ.

ಉಳಿಯುವುದು ಸೆಪ್ಟೆಂಬರ್. ಆಯುಧ ಪೂಜಿಸುವ ಕೊಡವರ ಹಬ್ಬ ಕೈಲ್‌ಪೊಳ್ದ್ ಮುಗಿದ ಮೇಲೆ ಬರುವ ಎರಡನೇ ಶನಿವಾರ, ಭಾನುವಾರ. ನಾಟಿ ಮುಗಿದಿರುತ್ತದೆ, ಕೊಯ್ಲು ದೂರ, ಮಳೆಯ ಜೋರು ಇಳಿದಿರುತ್ತದೆ. ಸೆಪ್ಟೆಂಬರ್ ಮೂರರ ಹಬ್ಬಕ್ಕೆ ಊರಿಗೆ ಬಂದವರು ಹೊರಟು ಹೋಗಿರುತ್ತಾರಲ್ಲ ಅಂತ ನನ್ನ ಸ್ನೇಹಿತನ ತಕರಾರು. ಅವನು ಫೆಬ್ರವರಿ ಅನ್ನುತ್ತಾನೆ. ಅವನಿಗೆ ತೋಟ ಇಲ್ಲ, ಬ್ಯಾಂಕ್ ಕೆಲಸ, ರೋಬಸ್ಟಾ ಕೊಯ್ಲಿನ ಕೊನೆಗೇ ಕಾಫಿ ಹೂ ಬಿಡಿಸುವ ಮಳೆಗೆ ಕಾಯುತ್ತಾ ಸ್ಪ್ರಿಂಕ್ಲರ್ ಎಳೆಯುವ ಕಥೆ ಅವನಿಗೇನು ಗೊತ್ತು. ಪ್ಲೈವುಡ್ ಉಬ್ಬುತ್ತದೆ ಅನ್ನುವುದು ನಿಜವಾದ ತಕರಾರು. ಎಲ್ಲಾ ಕಡೆ, ಕೆಳಗಡೆಯೂ ಸೇರಿಸಿ, ಎರಡು ಕೋಟ್ ವಾರ್ನಿಷ್ ಹೊಡೆದರೆ ಅರ್ಧ ತೊಂದರೆ ಹೋಗುತ್ತದೆ. ಕೊಡಗಿನಲ್ಲಿ ನಾವು ಬೀರು, ಬಾಗಿಲು ಇಟ್ಟುಕೊಂಡಿಲ್ಲವೇ?

ಇನ್ನೊಂದು. ಶುಕ್ರವಾರ ಮಡಿಕೇರಿ ಸಂತೆ. ಸುತ್ತಮುತ್ತಲಿನ ಜನ ತಾವಾಗಿಯೇ ಪೇಟೆಗೆ ಬರುವ ದಿನ. ಇವರು ಶುಕ್ರವಾರ ಇಡೀ ದಿನ ಬಾಗಿಲು ಹಾಕಿಕೊಂಡು ಲೇಔಟ್ ಜೋಡಿಸುತ್ತಾರೆ. ಅವತ್ತೇ ಸಂತೆಗೆ ಹೋಗಿದ್ದೆ, ಕಿಟಕಿಯಲ್ಲಿ ಇಣುಕುತ್ತಿದ್ದ ಮಕ್ಕಳನ್ನು "ನಾಳೆ ಬನ್ನಿ" ಅಂತ ಕಳಿಸುತ್ತಿದ್ದರು. ನಾಳೆ ಅವರು ಎಲ್ಲಿಂದ ಬರುತ್ತಾರೆ, ಬಸ್ಸಿಗೆ ಮತ್ತೆ ದುಡ್ಡು ಯಾರು ಕೊಡುತ್ತಾರೆ. ಗುರುವಾರ ಬಂದು ಜೋಡಿಸಿ, ಶುಕ್ರವಾರ ಮಧ್ಯಾಹ್ನ ಬಾಗಿಲು ತೆಗೆದರೆ ಸ್ಕೂಲಿನವರೂ ಮಕ್ಕಳನ್ನು ಕರೆದುಕೊಂಡು ಬರಬಹುದು.

ಉಳಿದದ್ದು ಬೇಗ ಹೇಳುತ್ತೇನೆ. ಟಾಯ್ಲೆಟ್ ಶುಚಿಯಾಗಿತ್ತು. ಕಾಫಿ ಚೆನ್ನಾಗಿರಲಿಲ್ಲ, ಅದೂ ಮಡಿಕೇರಿಯಲ್ಲಿ! ಮಕ್ಕಳು ನಿಂತು ನೋಡಲು ಬೆಂಚ್ ಇಟ್ಟಿದ್ದಾರೆ, ಒಳ್ಳೆಯ ಯೋಚನೆ. ಎನ್ ಸ್ಕೇಲ್‌ನ, ಅಂದರೆ 9 ಮಿಲಿಮೀಟರ್ ಹಳಿಯ ಚಿಕ್ಕ ರೈಲೊಂದನ್ನು ಮಕ್ಕಳ ಕೈಗೇ ಕೊಡುತ್ತಾರೆ, ಬಿದ್ದರೂ ಬೈಯುವುದಿಲ್ಲ. ಮಾರಾಟದ ಟೇಬಲ್‌ನಲ್ಲಿ ಬೆಲೆ ಬರೆದಿರಲಿಲ್ಲ, ಕೇಳಲು ಮುಜುಗರವಾಗಿ ಮಗನನ್ನು ಸುಮ್ನೆ ಎಳೆದುಕೊಂಡು ಬಂದೆ.

ಹೊರಡುವಾಗ ಇಷ್ಟನ್ನೂ ಟಿಕೆಟ್ ಟೇಬಲ್‌ನವರಿಗೆ ಹೇಳಿದೆ. ಬೇಜಾರು ಮಾಡಿಕೊಳ್ಳಲಿಲ್ಲ. ಡೈರಿ ತೆಗೆದು ಕೈಲ್‌ಪೊಳ್ದ್ ಯಾವತ್ತು ಅಂತ ಕೇಳಿ ಬರೆದುಕೊಂಡರು, ಎರಡನೇ ಶನಿವಾರಕ್ಕೆ ಗೆರೆ ಹಾಕಿದರು. ಆಮೇಲೆ ತಲೆ ಎತ್ತಿ, "ಅವತ್ತು ಮಳೆ ಇರುತ್ತಾ?" ಅಂದರು.

ಇರುತ್ತೆ ಅಂದೆ. ತಾರೀಕಿನ ಪಕ್ಕ ಚಿಕ್ಕದಾಗಿ ವಾರ್ನಿಷ್ ಅಂತ ಬರೆದುಕೊಂಡರು.