ಪಿಕಪ್ ಬಂಪರ್‌ಗೆ ಮ್ಯಾಟ್ ಕಪ್ಪು ಸ್ಪ್ರೇ: ನಾನೇ ಹೊಡದು ನೋಡೀನಿ

ತೊಗರಿ ಚೀಲ ಹೇರ್ಕೊಂಡು ಕಲಬುರಗಿ ನೆಹರು ಗಂಜ್‌ಗೆ ಓಡಾಡೋ ನಮ್ಮ ಬೊಲೆರೊ ಪಿಕಪ್. ಬಿಸಿಲಿಗೆ ಮುಂದಿನ ಪ್ಲಾಸ್ಟಿಕ್ ಬಂಪರ್, ಗ್ರಿಲ್ ಬೂದಿ ಬಳದಂಗ ಆಗಿದ್ದವು. ಪೇಂಟರ್ 3,000 ಕೇಳ್ದ. ಸೂಪರ್ ಮಾರ್ಕೆಟ್ ಕಡೆ 400 ಎಂ.ಎಲ್. ಸ್ಪ್ರೇ ಡಬ್ಬಿ ಎರಡು ತಂದೆ, ಒಂದಕ್ಕ 320 ರೂಪಾಯಿ.

ತಪ್ಪು ಮೊದಲು ನಂದೇ. ಮೇ ತಿಂಗಳ ಮಧ್ಯಾಹ್ನ ಅಂಗಳದಾಗ ಹೊಡದೆ. ಬಣ್ಣ ಬಂಪರ್ ಮುಟ್ಟೂದ್ರೊಳಗ ಗಾಳ್ಯಾಗೇ ಒಣಗಿ, ರವಾ ಉದುರಿಸಿದಂಗ ಕುಂತಿತು. 600 ನಂಬರ್ ಸ್ಯಾಂಡ್ ಪೇಪರ್ ನೀರಾಗ ಅದ್ದಿ ಎಲ್ಲಾ ತಿಕ್ಕಿ, ಮರುದಿನ ನಸುಕಿನಾಗ ತೆಳ್ಳಗ ಮೂರು ಕೋಟ್ ಹೊಡದೆ, ನಡುವ ಹದಿನೈದು ನಿಮಿಷ ಬಿಟ್ಟು. ಈಗ ಬಂಪರ್ ಛಲೋ ಅದ, ಕೈಯಾಡಿಸಿದ್ರ ನುಣ್ಣಗ ಹತ್ತತದ.

ಡಬ್ಬಿ ಮ್ಯಾಲ ಸಿಟ್ಟೂ ಅದ. ಕಾಲು ಭಾಗ ಉಳದಾಗ ನಾಜಲ್ ಹನಿ ಹನಿ ಉಗುಳ್ತದ. ಪ್ಲಾಸ್ಟಿಕ್‌ಗೆ ಬ್ಯಾರೆ ಪ್ರೈಮರ್ (ಬಣ್ಣ ಹಿಡೀಲಿ ಅಂತ ಮೊದಲು ಹಚ್ಚೂ ಕೋಟ್) ಬೇಕಂತ ಅಂಗಡಿಯವ ಹೇಳ್ಲೇ ಇಲ್ಲ. ಬಂಪರ್‌ಗೆ ನಾನೇ ಕೇಳಿ ತಂದು ಹಚ್ಚಿದ್ದೆ, ಗ್ರಿಲ್‌ಗೆ ಸಾಲಲಿಲ್ಲ. ಮೊದಲನೇ ವಾಟರ್ ವಾಷ್‌ಗೇ ಗ್ರಿಲ್ ಉಳ್ಳಾಗಡ್ಡಿ ಸಿಪ್ಪಿಯಂಗ ಸುಲೀತು.

ಬಾಡಿಗೂ ಹೊಡೀಬೇಕಂತ ಇದ್ದೆ. ಬಣ್ಣ ಬದಲಾದ್ರ ಆರ್‌ಸಿಯಾಗೂ ತಿದ್ದಿಸಬೇಕು, ಬ್ಯಾಡ ಅಂತ ಬಿಟ್ಟೆ. ಅವ್ವ ಅಂತಾಳ, "ಗಾಡಿ ಮಾರಿಗೆ ರೊಟ್ಟಿ ಹಂಚು ಕಟ್ಟಿದಂಗ ಕಾಣ್ತದಲ್ಲೋ."